ಅಮೆರಿಕದ ಷೇರು ಕೇಸಿನ ರಾಜಿ ಹಣ: ಕಾಸರಗೋಡಿನಲ್ಲಿ ಕುಳಿತೇ ಪಡೆಯುವುದು ಹೇಗೆ?

ನೀರ್ಚಾಲಿನ ನಮ್ಮ ನೆರೆಮನೆಯ ಮಾವ ಒಂದು ಸಂಜೆ ಅಂಗೈ ಅಗಲದ ಕಾರ್ಡ್ ಹಿಡಿದುಕೊಂಡು ಬಂದರು. ಒಂದು ಮೂಲೆ ಮಳೆಗೆ ಒದ್ದೆಯಾಗಿ, ಒಣಗಿ, ಸುರುಟಿಕೊಂಡಿತ್ತು. ಮೇಲೆ ಅಮೆರಿಕದ ಅಂಚೆ ಮುದ್ರೆ. ಹಿಂದೆ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ.

"ಅಡಿಕೆ ರಶೀದಿಗಳ ಎಡೆಯಲ್ಲಿ ಸಿಕ್ಕಿತು ಮಾರಾಯ. ಮಗನ ಹೆಸರಿದೆ. ಎಂಥದೋ ಜಾಹೀರಾತು ಅಂತ ಇಟ್ಟಿದ್ದೆ. ಬಿಸಾಡುವ ಮೊದಲು ನೀನೊಮ್ಮೆ ನೋಡು" ಅಂದರು.

ಮಾವನ ಮಗ ಎಂಟು ವರ್ಷ ಅಮೆರಿಕದ ಒಂದು ಕಂಪನಿಯಲ್ಲಿದ್ದವನು. ಸಂಬಳದ ಒಂದು ಪಾಲು ಷೇರಾಗಿ ಸಿಗುತ್ತಿತ್ತು. ಊರಿಗೆ ಹೊರಡುವಾಗ ಬ್ರೋಕರ್‌ಗೆ ಮನೆ ವಿಳಾಸ ಕೊಟ್ಟಿದ್ದ. ಆಮೇಲೆ ಆ ಕಂಪನಿ ಷೇರುದಾರರಿಂದ ಸತ್ಯ ಮುಚ್ಚಿಟ್ಟಿತು ಅಂತ ಅಲ್ಲಿ ಕೇಸು ಬಿತ್ತು. ಕೇಸು ರಾಜಿಯಾಗಿ ಹಣ ಹಂಚುವ ತೀರ್ಮಾನವಾಯಿತು. ಆ ಕಾರ್ಡ್ ಅದರ ನೋಟಿಸು. ಕೊನೆಯ ತಾರೀಖು ನೋಡಿದೆ. 12 ದಿನ ದಾಟಿತ್ತು.

ನಾನು ಇಲ್ಲಿ ತೆರಿಗೆ ರಿಟರ್ನ್ ತುಂಬಿಸುವ ಕೆಲಸ ಮಾಡುವವನು. ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆಯ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಕೂತು ಮೊಬೈಲ್ ಆ್ಯಪಿನಲ್ಲಿ ಅಮೆರಿಕದ ಷೇರು ಕೊಳ್ಳುತ್ತಾರೆ. ಕಂಪನಿಯೇ ಕೊಟ್ಟ ಷೇರು ಇರುವವರೂ ಬೇಕಾದಷ್ಟು ಇದ್ದಾರೆ. ಆದರೆ ಈ ಹಣ ಕೇಳಿ ಪಡೆದವರನ್ನು ನಾನು ನೋಡಿದ್ದು ಬೆರಳೆಣಿಕೆಯಷ್ಟು. ಗೊತ್ತಿಲ್ಲದೆ ಬಿಟ್ಟವರೇ ಜಾಸ್ತಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದು ಎಲ್ಲಿಂದ ಬರುವ ಹಣ?

ಕಂಪನಿಯೊಂದು ಲಾಭವನ್ನು ಉಬ್ಬಿಸಿ ತೋರಿಸಿತು, ಇಲ್ಲವೇ ದೊಡ್ಡ ತೊಂದರೆಯನ್ನು ಮುಚ್ಚಿಟ್ಟಿತು ಅಂತಿಟ್ಟುಕೊಳ್ಳಿ. ಷೇರಿನ ಬೆಲೆ ಸುಳ್ಳಿನ ಮೇಲೆ ನಿಲ್ಲುತ್ತದೆ. ಸತ್ಯ ಹೊರಬಿದ್ದ ದಿನ ಬೆಲೆ ಬೀಳುತ್ತದೆ. ನಡುವೆ ಕೊಂಡವರಿಗೆಲ್ಲ ನಷ್ಟ. ಒಬ್ಬೊಬ್ಬರೇ ಕೋರ್ಟಿಗೆ ಹೋದರೆ ವಕೀಲರ ಫೀಸಿಗೂ ಸಾಲದು. ಹಾಗಾಗಿ ಒಬ್ಬರೋ ಇಬ್ಬರೋ ಎಲ್ಲರ ಪರವಾಗಿ ದಾವೆ ಹೂಡುತ್ತಾರೆ. ಇದಕ್ಕೆ ಕ್ಲಾಸ್ ಆಕ್ಷನ್ ಅನ್ನುತ್ತಾರೆ.

ಅಮೆರಿಕದಲ್ಲಿ ಇಂಥ ಕೇಸಿಗೆ 1995ರಲ್ಲಿ ಬಂದ ಒಂದು ಕಾಯ್ದೆಯೇ ದಾರಿ ಹಾಕಿಕೊಟ್ಟಿದೆ. ಕೇಸು ಹಾಕಿದ 20 ದಿನದೊಳಗೆ ಪ್ರಕಟಣೆ ಕೊಡಬೇಕು. ಪ್ರಕಟಣೆಯಾಗಿ 60 ದಿನದೊಳಗೆ, ಮುಂದಾಳಾಗಿ ಕೇಸು ನಡೆಸಲು ಬಯಸುವವರು ಕೋರ್ಟನ್ನು ಕೇಳಬೇಕು. ಸಾಮಾನ್ಯವಾಗಿ ಅತಿ ಹೆಚ್ಚು ಹಣ ಕಳಕೊಂಡ ದೊಡ್ಡ ಪೆನ್ಷನ್ ಫಂಡಿನಂಥವರಿಗೆ ಆ ಜಾಗ ಸಿಗುತ್ತದೆ. ನಮ್ಮಂಥವರು ಈ ಹಂತದಲ್ಲಿ ಏನೂ ಮಾಡಬೇಕಾಗಿಲ್ಲ. ವಕೀಲರಿಗೆ ಕೈಯಿಂದ ಒಂದು ರೂಪಾಯಿ ಕೊಡಬೇಕಾಗಿಯೂ ಇಲ್ಲ. ಗೆದ್ದರೆ ಅಥವಾ ರಾಜಿಯಾದರೆ ಒಟ್ಟು ಮೊತ್ತದಿಂದಲೇ ಅವರ ಫೀಸು ಹೋಗುತ್ತದೆ. ಕೋರ್ಟು ಒಪ್ಪಿದ ಮೇಲೆ, ಸಾಮಾನ್ಯವಾಗಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ.

ಮೊತ್ತಗಳು ದೊಡ್ಡವು. ಎನ್ರಾನ್ ಕೇಸಿನಲ್ಲಿ ಒಟ್ಟು 700 ಕೋಟಿ ಡಾಲರ್ ದಾಟಿತು. ಬ್ರೆಜಿಲಿನ ಪೆಟ್ರೋಬ್ರಾಸ್ ಸುಮಾರು 300 ಕೋಟಿ ಡಾಲರ್‌ಗೆ ರಾಜಿಯಾಯಿತು. 2023ರಲ್ಲಿ ವೆಲ್ಸ್ ಫಾರ್ಗೋ ಬ್ಯಾಂಕು 100 ಕೋಟಿ ಡಾಲರ್‌ಗೆ ಒಪ್ಪಿತು. 2024ರಲ್ಲಿ ಚೀನಾದ ಅಲಿಬಾಬಾ 43.35 ಕೋಟಿ ಡಾಲರ್‌ಗೆ. ಇಷ್ಟು ಹಣ ಕ್ಲೈಮ್ ಹಾಕಿದವರಿಗೆ ಮಾತ್ರ ಹಂಚಿಹೋಗುತ್ತದೆ. ಅರ್ಜಿ ಹಾಕದವರ ಮನೆ ಹುಡುಕಿಕೊಂಡು ಯಾರೂ ಬರುವುದಿಲ್ಲ.

ಮೊದಲ ಹೆಜ್ಜೆ: ಯಾವ ಮಾರುಕಟ್ಟೆಯಲ್ಲಿ ಕೊಂಡಿರಿ?

ಫಾರ್ಮ್ ಹುಡುಕುವ ಮೊದಲು ಇದನ್ನು ತೀರ್ಮಾನ ಮಾಡಿಕೊಳ್ಳಿ. ಇದರಲ್ಲೇ ಅರ್ಧ ಜನ ಎಡವುತ್ತಾರೆ.

2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಆಸ್ಟ್ರೇಲಿಯಾದ ಒಂದು ಬ್ಯಾಂಕಿನ ವಿರುದ್ಧದ ಕೇಸು, ಮಾರಿಸನ್ ತೀರ್ಪು ಅಂತಲೇ ಹೆಸರು. ಅಲ್ಲಿನ ಷೇರು ಮೋಸದ ಕಾನೂನು ಅಮೆರಿಕದ ಮಾರುಕಟ್ಟೆಯಲ್ಲಿ, ಇಲ್ಲವೇ ಅಮೆರಿಕದೊಳಗೆ ನಡೆದ ವ್ಯವಹಾರಕ್ಕೆ ಮಾತ್ರ ಅನ್ವಯ ಅಂತ ಅದು ಹೇಳಿತು. ಕೊಂಡವರು ಯಾವ ದೇಶದವರು ಅನ್ನುವುದು ಮುಖ್ಯವಲ್ಲ. ಎಲ್ಲಿ ಕೊಂಡರು ಅನ್ನುವುದು ಮುಖ್ಯ.

ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ನೆನಪಿದೆಯಲ್ವಾ? 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಲೆಕ್ಕ ತಿದ್ದಿದ್ದನ್ನು ಪತ್ರ ಬರೆದು ಒಪ್ಪಿಕೊಂಡರು. ಸತ್ಯಂ ಷೇರು ಇಲ್ಲಿ ಎನ್‌ಎಸ್‌ಇ, ಬಿಎಸ್‌ಇಯಲ್ಲಿತ್ತು. ನ್ಯೂಯಾರ್ಕಿನಲ್ಲಿ ಎಡಿಎಸ್ ರೂಪದಲ್ಲೂ, ಅಂದರೆ ಹೊರದೇಶದ ಕಂಪನಿಯ ಷೇರನ್ನು ಅಮೆರಿಕದಲ್ಲಿ ಮಾರುವ ರೂಪದಲ್ಲೂ ಇತ್ತು. ಅಮೆರಿಕದ ಕೇಸು 2011ರಲ್ಲಿ ರಾಜಿಯಾದಾಗ ಸತ್ಯಂ 12.5 ಕೋಟಿ ಡಾಲರ್ ಕೊಟ್ಟಿತು, ಆಡಿಟರ್ ಪಿಡಬ್ಲ್ಯುಸಿ 2.55 ಕೋಟಿ ಡಾಲರ್. ನ್ಯೂಯಾರ್ಕಿನಲ್ಲಿ ಎಡಿಎಸ್ ಕೊಂಡವರಿಗೆ ಅದರಲ್ಲಿ ಪಾಲು ಸಿಕ್ಕಿತು. ಕಾಸರಗೋಡಿನ ಬ್ರೋಕರ್ ಆಫೀಸಿನಲ್ಲಿ ಕೂತು ಎನ್‌ಎಸ್‌ಇಯಲ್ಲಿ ಅದೇ ಕಂಪನಿಯ ಷೇರು ಕೊಂಡವರಿಗೆ ಆ ದಾರಿ ಇರಲಿಲ್ಲ. ಕಂಪನಿ ಒಂದೇ, ಸುಳ್ಳು ಒಂದೇ, ಕಳಕೊಂಡ ದುಡ್ಡೂ ಅಂಥದ್ದೇ. ಇದು ನನಗೆ ಇವತ್ತಿಗೂ ಬೇಸರ ತರುವ ವಿಷಯ.

ಹಾಗಾಗಿ ನಿಮ್ಮ ಸ್ಟೇಟ್‌ಮೆಂಟ್ ತೆಗೆದು ನೋಡಿ. ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್ ಅಥವಾ ನಾಸ್ಡಾಕ್ ಅಂತಿದ್ದರೆ ಮುಂದಿನ ಹೆಜ್ಜೆಗೆ ಹೋಗಿ. ಕಂಪನಿ ಕೊಟ್ಟ ಷೇರು ಆಗಿದ್ದರೆ ಒಂದು ಎಚ್ಚರ. ಪುಕ್ಕಟೆ ಸಿಕ್ಕಿದ ಷೇರನ್ನು ಕೆಲವು ರಾಜಿಗಳಲ್ಲಿ 'ಕೊಂಡದ್ದು' ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಂಬಳದಿಂದ ಹಣ ಹಿಡಿದು ರಿಯಾಯಿತಿಗೆ ಕೊಟ್ಟ ಷೇರಿನ ಲೆಕ್ಕವೇ ಬೇರೆ. ನೋಟಿಸಿನಲ್ಲಿ ಇದನ್ನು ಬರೆದಿರುತ್ತಾರೆ, ಹುಡುಕಿ ಓದಿ. ಇನ್ನು ಭಾರತದ ಮ್ಯೂಚುವಲ್ ಫಂಡಿನ ಮೂಲಕ ಅಮೆರಿಕದ ಷೇರಿಗೆ ಹಣ ಹಾಕಿದ್ದರೆ ನೀವು ಏನೂ ಮಾಡಬೇಕಿಲ್ಲ. ಷೇರು ಫಂಡಿನ ಹೆಸರಲ್ಲಿದೆ, ಕ್ಲೈಮ್ ಹಾಕಬೇಕಾದವರೂ ಅವರೇ.

ಇಲ್ಲಿ, ನಮ್ಮ ಮಾರುಕಟ್ಟೆಯಲ್ಲೇ ಕೊಂಡಿದ್ದರೆ

ಸತ್ಯಂ ಕಾಲದಲ್ಲಿ ನಮ್ಮಲ್ಲಿ ಷೇರುದಾರರ ಕ್ಲಾಸ್ ಆಕ್ಷನ್‌ಗೆ ಕಾನೂನೇ ಇರಲಿಲ್ಲ. 2013ರ ಕಂಪನಿ ಕಾಯ್ದೆಯ 245ನೇ ಕಲಂ ಅದನ್ನು ತಂದಿತು. ಜಾರಿಗೆ ಬಂದದ್ದು 2016ರ ಜೂನ್ 1ರಂದು. ಎಷ್ಟು ಜನ ಸೇರಬೇಕು ಅನ್ನುವ ನಿಯಮ ಬಂದದ್ದು 2019ರಲ್ಲಿ. ಕಂಪನಿಯ ಸದಸ್ಯರಲ್ಲಿ ಶೇಕಡಾ 5 ಮಂದಿ ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಬೇಕು. ಇಲ್ಲವೇ ಲಿಸ್ಟೆಡ್ ಕಂಪನಿಯಾದರೆ ಶೇಕಡಾ 2ರಷ್ಟು ಷೇರು ಕೈಯಲ್ಲಿರುವವರು ಸೇರಬೇಕು. ಅರ್ಜಿ ಹೋಗುವುದು ಕಂಪನಿ ಕಾನೂನು ನ್ಯಾಯಮಂಡಳಿಗೆ. ಕೇರಳದ ಪೀಠ ಕೊಚ್ಚಿಯಲ್ಲಿದೆ. ಆದರೆ ಕೇಸು ಕಂಪನಿಯ ರಿಜಿಸ್ಟರ್ಡ್ ಆಫೀಸು ಇರುವ ಕಡೆಯ ಪೀಠದಲ್ಲಿ ನಡೆಯುತ್ತದೆ ಅನ್ನುವುದು ನೆನಪಿರಲಿ. ಬ್ಯಾಂಕ್ ಕಂಪನಿಗಳಿಗೆ ಈ ಕಲಂ ಅನ್ವಯಿಸುವುದಿಲ್ಲ.

ಬರೆದಷ್ಟು ಸುಲಭವಲ್ಲ ಇದು. ನೂರು ಜನರನ್ನು ಒಟ್ಟುಗೂಡಿಸುವುದು, ವಕೀಲರ ಖರ್ಚು ಹೊಂದಿಸುವುದು ಒಬ್ಬ ಸಣ್ಣ ಹೂಡಿಕೆದಾರನಿಂದ ಆಗುವ ಕೆಲಸವಲ್ಲ. ಹಾಗಾಗಿ ನಮ್ಮಲ್ಲಿ ಹಣ ವಾಪಸು ಬರುವುದಿದ್ದರೆ ಹೆಚ್ಚಾಗಿ ಷೇರು ಮಾರುಕಟ್ಟೆಯ ಮೇಲೆ ಕಣ್ಣಿಡುವ ಸೆಬಿಯ ಮೂಲಕವೇ. 2003ರಿಂದ 2005ರ ನಡುವೆ ನಕಲಿ ಡಿಮ್ಯಾಟ್ ಖಾತೆ ತೆರೆದು ಕಂಪನಿಗಳು ಮೊದಲ ಸಲ ಜನರಿಗೆ ಮಾರುವ ಐಪಿಒ ಷೇರುಗಳನ್ನು ಕೆಲವರೇ ಬಾಚಿಕೊಂಡಿದ್ದರು. ಸೆಬಿ ಅವರಿಂದ ಲಾಭ ಕಕ್ಕಿಸಿತು. ವಾಧ್ವಾ ಸಮಿತಿ ಹಾಕಿಕೊಟ್ಟ ಲೆಕ್ಕದ ಹಾಗೆ, ಅರ್ಜಿ ಹಾಕಿ ಷೇರು ಸಿಗದೆ ಹೋದವರಿಗೆ 2010ರಲ್ಲಿ ಆ ಹಣವನ್ನು ಹಂಚಲು ತೊಡಗಿತು. ಜಮೀನು ಕೊಡುತ್ತೇವೆ ಅಂತ ಜನರಿಂದ ಹಣ ಎತ್ತಿದ ಪಿಎಸಿಎಲ್‌ನಲ್ಲಿ ಹಣ ಕಟ್ಟಿದವರಿಗೆ, 2016ರ ಸುಪ್ರೀಂ ಕೋರ್ಟ್ ಆದೇಶದಂತೆ ನೇಮಕವಾದ ನ್ಯಾಯಮೂರ್ತಿ ಲೋಧಾ ಸಮಿತಿಯ ಮೂಲಕ ಹಣ ಹೋಗುತ್ತಿದೆ. ನಿಮ್ಮ ಮನೆಯಲ್ಲಿ ಆ ಪತ್ರಗಳಿದ್ದರೆ ಮೂಲಪ್ರತಿಯನ್ನು ಯಾವ ಏಜೆಂಟರ ಕೈಗೂ ಕೊಡಬೇಡಿ.

ಬ್ರೋಕರ್ ಅಥವಾ ಕಂಪನಿಯ ಮೇಲೆ ನಿಮ್ಮದೇ ದೂರು ಇದ್ದರೆ ಮೊದಲು ಅವರಿಗೆ ಬರೆಯಿರಿ, ಆಮೇಲೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ಹಾಕಿ. 2024ರ ಏಪ್ರಿಲ್‌ನಿಂದ ಅದರ ಹೊಸ ರೂಪ ಬಂದಿದೆ. 21 ದಿನದೊಳಗೆ ಅವರು ಉತ್ತರ ಕೊಡಬೇಕು.

ಎರಡನೆಯ ಹೆಜ್ಜೆ: ಕೇಸು ಇದೆಯಾ ಅಂತ ಹುಡುಕಿ

ನೋಟಿಸು ತಾನಾಗಿ ಬರುತ್ತದೆ ಅಂತ ಕಾಯಬೇಡಿ. ಷೇರು ಬ್ರೋಕರ್‌ನ ಹೆಸರಲ್ಲಿ ನಿಮ್ಮ ಪರವಾಗಿ ಇರುತ್ತದೆ. ನೋಟಿಸು ಮೊದಲು ಅವರಿಗೆ ಹೋಗುತ್ತದೆ, ಅವರು ನಿಮಗೆ ದಾಟಿಸಬೇಕು. ಈ ಕೈಯಿಂದ ಆ ಕೈಗೆ ಹೋಗುವಾಗ ಎಷ್ಟೋ ಕಳೆದುಹೋಗುತ್ತವೆ. ಇಮೇಲ್ ಸ್ಪ್ಯಾಮ್ ಡಬ್ಬಿಗೆ ಬೀಳುತ್ತದೆ. ಕಾರ್ಡ್ ಬಂದರೆ ಮಾವನ ರಶೀದಿ ಕಟ್ಟಿಗೆ ಸೇರಿಹೋಗುತ್ತದೆ.

ನೀವು ಹಿಂದೆ ಇಟ್ಟಿದ್ದ, ಈಗ ಇಟ್ಟಿರುವ ಎಲ್ಲ ಅಮೆರಿಕದ ಷೇರುಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮಾರಿದವನ್ನೂ ಬರೆಯಿರಿ, ಅವೇ ಮುಖ್ಯ. ಸ್ಟ್ಯಾನ್‌ಫರ್ಡ್ ಕಾನೂನು ಶಾಲೆ ಇಂಥ ಎಲ್ಲ ಕೇಸುಗಳ ಒಂದು ಪಟ್ಟಿಯನ್ನು ಇಂಟರ್‌ನೆಟ್‌ನಲ್ಲಿ ಇಟ್ಟಿದೆ. ಅಲ್ಲಿ ಕಂಪನಿಯ ಹೆಸರು ಹಾಕಿದರೆ ಕೇಸು ಇದೆಯಾ, ಯಾವ ಹಂತದಲ್ಲಿದೆ ಅಂತ ಗೊತ್ತಾಗುತ್ತದೆ. ಹಣ ಹಂಚುವ ಕೆಲಸ ಮಾಡುವ ಸಂಸ್ಥೆಗಳಿಗೆ ಕ್ಲೈಮ್ಸ್ ಅಡ್ಮಿನಿಸ್ಟ್ರೇಟರ್ ಅನ್ನುತ್ತಾರೆ. ಎಪಿಕ್, ಜೆಎನ್‌ಡಿ, ಎ.ಬಿ. ಡೇಟಾ ಇಂಥವು. ಅವರ ವೆಬ್‌ಸೈಟ್‌ನಲ್ಲೂ ನಡೆಯುತ್ತಿರುವ ಕೇಸುಗಳ ಪಟ್ಟಿ ಇರುತ್ತದೆ.

ಇನ್ನೊಂದು ಕಡೆಯನ್ನೂ ನೋಡಿ. ಅಮೆರಿಕದ ಸೆಬಿ ಅನ್ನಬಹುದಾದ ಎಸ್‌ಇಸಿ ದಂಡ ಹಾಕಿ ವಸೂಲು ಮಾಡಿದ ಹಣವನ್ನು ನಷ್ಟವಾದವರಿಗೆ ಹಂಚುವುದುಂಟು. ಇದಕ್ಕೆ ಫೇರ್ ಫಂಡ್ ಅಂತ ಹೆಸರು, 2002ರ ಸಾರ್ಬೇನ್ಸ್-ಆಕ್ಸ್ಲಿ ಕಾಯ್ದೆಯಿಂದ ಬಂದದ್ದು. ಒಂದೇ ಕಂಪನಿಗೆ ಕ್ಲಾಸ್ ಆಕ್ಷನ್ ಹಣವೂ ಫೇರ್ ಫಂಡ್ ಹಣವೂ ಇರಬಹುದು. ಆಗ ಎರಡಕ್ಕೂ ಬೇರೆ ಬೇರೆ ಅರ್ಜಿ ಬೇಕಾಗಬಹುದು.

ಆರು ತಿಂಗಳಿಗೊಮ್ಮೆ ಈ ಹುಡುಕಾಟ ಮಾಡಿದರೆ ಸಾಕು. ನಾನು ರಿಟರ್ನ್ ತುಂಬಿಸುವ ಜುಲೈಯಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ನೋಡುತ್ತೇನೆ.

ಮೂರನೆಯ ಹೆಜ್ಜೆ: ತಾರೀಖುಗಳನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ

ನೋಟಿಸಿನಲ್ಲಿ ನಾಲ್ಕೈದು ತಾರೀಖು ಇರುತ್ತವೆ. ಒಂದು ಕ್ಲಾಸ್ ಪೀರಿಯಡ್. ಅಂದರೆ ಯಾವ ದಿನದಿಂದ ಯಾವ ದಿನದವರೆಗೆ ಕೊಂಡವರಿಗೆ ಹಕ್ಕಿದೆ ಅನ್ನುವುದು. ಒಂದು ಹೊರಗುಳಿಯುವ ಕೊನೆಯ ದಿನ. ಒಂದು ತಕರಾರು ಸಲ್ಲಿಸುವ ದಿನ. ಒಂದು ಕೋರ್ಟು ರಾಜಿಯನ್ನು ಒಪ್ಪುವ ವಿಚಾರಣೆಯ ದಿನ. ಇನ್ನೊಂದು ಕ್ಲೈಮ್ ಕೊಡುವ ಕೊನೆಯ ದಿನ.

ಸುಮ್ನೆ ಕೂತರೆ ಏನಾಗುತ್ತದೆ ಅಂತ ತುಂಬ ಜನ ಕೇಳುತ್ತಾರೆ. ಹಣ ಸಿಗುವುದಿಲ್ಲ, ಅದು ಒಂದು. ಅದರ ಜೊತೆಗೆ, ಆ ವಿಷಯದಲ್ಲಿ ಕಂಪನಿಯ ಮೇಲೆ ಬೇರೆ ಕೇಸು ಹಾಕುವ ಹಕ್ಕೂ ಹೋಗುತ್ತದೆ. ಅರ್ಜಿ ಹಾಕಲಿ ಬಿಡಲಿ, ಹೊರಗುಳಿಯುತ್ತೇನೆ ಅಂತ ಬರೆದು ತಿಳಿಸದಿದ್ದರೆ ರಾಜಿ ನಿಮ್ಮನ್ನೂ ಕಟ್ಟಿಹಾಕುತ್ತದೆ. ಹೊರಗುಳಿಯುವುದು ಕೋಟಿಗಟ್ಟಲೆ ಕಳಕೊಂಡು ಸ್ವಂತ ವಕೀಲರನ್ನು ಇಡಬಲ್ಲವರಿಗೆ. ನಮಗೆ ಉಳಿಯುವುದು ಕ್ಲೈಮ್ ಒಂದೇ.

ಆನ್‌ಲೈನ್ ಗಡುವು ಸಾಮಾನ್ಯವಾಗಿ ಅಮೆರಿಕದ ಪೂರ್ವ ಭಾಗದ ಸಮಯದಲ್ಲಿ ರಾತ್ರಿ 11:59 ಅಂತಿರುತ್ತದೆ. ನಮಗೆ ಅದು ಮರುದಿನ ಬೆಳಿಗ್ಗೆ. ಅವರ ಬೇಸಿಗೆಯಲ್ಲಿ 9:29, ಚಳಿಗಾಲದಲ್ಲಿ 10:29. ಆದರೆ ಆ ಗಂಟೆಯವರೆಗೆ ಕಾಯಬೇಡಿ. ಮಳೆಗಾಲದಲ್ಲಿ ಬೆಳಿಗ್ಗೆ ಕರೆಂಟ್ ಇದ್ದರೆ ನೆಟ್ ಇರುವುದಿಲ್ಲ, ನೆಟ್ ಇದ್ದರೆ ಕರೆಂಟ್ ಇರುವುದಿಲ್ಲ.

ನಾಲ್ಕನೆಯ ಹೆಜ್ಜೆ: ಕಾಗದಪತ್ರ

ಇಲ್ಲಿ ಸಮಯ ಹಿಡಿಯುತ್ತದೆ. ನಾಲ್ಕು ಸಂಗತಿ ಬೇಕು. ಕ್ಲಾಸ್ ಪೀರಿಯಡ್ ಶುರುವಾಗುವ ಹೊತ್ತಿಗೆ ನಿಮ್ಮ ಹತ್ತಿರ ಎಷ್ಟು ಷೇರಿತ್ತು. ಆ ಅವಧಿಯಲ್ಲಿ ಮತ್ತು ಆಮೇಲಿನ 90 ದಿನಗಳಲ್ಲಿ ಕೊಂಡದ್ದೆಷ್ಟು, ಯಾವ ದಿನ, ಯಾವ ಬೆಲೆಗೆ. ಅದೇ ಸಮಯದಲ್ಲಿ ಮಾರಿದ್ದೆಷ್ಟು. ಆ 90 ದಿನ ಮುಗಿದಾಗ ಕೈಯಲ್ಲಿ ಉಳಿದದ್ದೆಷ್ಟು. ಒಂದೇ ಒಂದು ವ್ಯವಹಾರ ಬಿಟ್ಟರೂ ಲೆಕ್ಕ ತಾಳೆಯಾಗುವುದಿಲ್ಲ. ನಷ್ಟವಾದದ್ದನ್ನು ಮಾತ್ರ ಬರೆದು ಲಾಭವಾದದ್ದನ್ನು ಬಿಡುವ ಹಾಗೂ ಇಲ್ಲ.

ಆಧಾರವಾಗಿ ಬ್ರೋಕರ್‌ನ ಟ್ರೇಡ್ ಕನ್ಫರ್ಮೇಷನ್ (ಕೊಂಡು ಮಾರಿದ್ದಕ್ಕೆ ಅವರು ಕೊಡುವ ಪತ್ರ) ಅಥವಾ ತಿಂಗಳ ಸ್ಟೇಟ್‌ಮೆಂಟ್ ಕೊಡಬೇಕು. ನೀವೇ ಎಕ್ಸೆಲ್‌ನಲ್ಲಿ ಬರೆದ ಪಟ್ಟಿ ನಡೆಯುವುದಿಲ್ಲ. ಆ್ಯಪಿನ ಸ್ಕ್ರೀನ್‌ಶಾಟ್‌ನಲ್ಲಿ ಹೆಸರು, ಖಾತೆ ನಂಬರ್ ಕಾಣದಿದ್ದರೆ ಅದೂ ನಡೆಯುವುದಿಲ್ಲ.

ಮಾವನ ಮಗನ ವಿಷಯದಲ್ಲಿ ನಾವು ಒದ್ದಾಡಿದ್ದು ಇಲ್ಲೇ. ಅವನ ಹಳೇ ಬ್ರೋಕರ್ ಸಂಸ್ಥೆ ಇನ್ನೊಂದರ ಜೊತೆ ಸೇರಿಹೋಗಿತ್ತು. ಹಳೇ ಪಾಸ್‌ವರ್ಡ್ ನಡೆಯಲಿಲ್ಲ. ಫೋನ್ ಮಾಡಿದರೆ ಅಮೆರಿಕದ ನಂಬರಿಗೆ ಓಟಿಪಿ ಕಳಿಸುತ್ತೇವೆ ಅಂದರು. ಆ ನಂಬರ್ ಯಾವತ್ತೋ ಬಂದ್ ಆಗಿತ್ತು. ಪಾಸ್‌ಪೋರ್ಟ್ ಪ್ರತಿ, ವಿಳಾಸದ ದಾಖಲೆ ಎಲ್ಲ ಕಳಿಸಿ ಮೂರು ವಾರ ಕಾದ ಮೇಲೆ ಐದು ವರ್ಷದ ಸ್ಟೇಟ್‌ಮೆಂಟ್ ಒಂದು ಪಿಡಿಎಫ್ ಆಗಿ ಬಂತು. ಅದನ್ನು ತೆರೆದು ಎರಡನೇ ಪುಟದಲ್ಲಿ ಅವನ ಹೆಸರು ಕಂಡಾಗ ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದರು.

ಹಾಗಾಗಿ ಒಂದು ಮಾತು ಕೇಳಿ. ಖಾತೆ ಮುಚ್ಚುವ ಮೊದಲು, ಬ್ರೋಕರ್ ಬದಲಿಸುವ ಮೊದಲು, ಅಮೆರಿಕ ಬಿಡುವ ಮೊದಲು ಎಲ್ಲ ವರ್ಷಗಳ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ ಎರಡು ಕಡೆ ಇಡಿ. ಕಾಗದದ ಪ್ರತಿ ಇದ್ದರೆ ಅಟ್ಟದ ಮೇಲೆ ಇಡಬೇಡಿ. ಎರಡು ಮಳೆಗಾಲ ಸಾಕು, ಗೆದ್ದಲು ಬಿಟ್ಟರೆ ಬೂಷ್ಟು ಬಿಡುವುದಿಲ್ಲ. ಈಗಲೇ ಸ್ಕ್ಯಾನ್ ಮಾಡಿಸಿಡಿ.

ಐದನೆಯ ಹೆಜ್ಜೆ: ಹೆಸರು ಮತ್ತು ವಿಳಾಸ

ಇದು ನಮ್ಮ ಊರಿಗೇ ವಿಶೇಷವಾದ ತೊಂದರೆ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಮನೆಯಲ್ಲಿ ಕನ್ನಡ, ಸರಕಾರಿ ಕಾಗದ ಮಲಯಾಳದಲ್ಲಿ, ಬ್ಯಾಂಕಿನದ್ದು ಇಂಗ್ಲಿಷಿನಲ್ಲಿ. ಒಂದೇ ಊರು ಒಂದು ಕಾಗದದಲ್ಲಿ ಮಂಜೇಶ್ವರ, ಇನ್ನೊಂದರಲ್ಲಿ ಮಂಜೇಶ್ವರಂ. ಕುಂಬಳೆ ಕುಂಬಳ ಆಗುತ್ತದೆ, ಬದಿಯಡ್ಕ ಬದಿಯಡುಕ್ಕ ಆಗುತ್ತದೆ. ಹೆಸರಿನ ಕಥೆ ಇನ್ನೂ ಕಷ್ಟ. ಶಾಲೆಯಲ್ಲಿ ಮನೆ ಹೆಸರಿನ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದ ಸರ್‌ನೇಮ್, ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರು ಸೇರಿ ಮೂರನೆಯ ಒಂದು ಹೆಸರು.

ಕ್ಲೈಮ್ ಫಾರ್ಮಿನಲ್ಲಿ ಬ್ರೋಕರ್ ಸ್ಟೇಟ್‌ಮೆಂಟ್‌ನಲ್ಲಿ ಹೇಗಿದೆಯೋ ಹಾಗೇ ಹೆಸರು ಬರೆಯಿರಿ. ಅಕ್ಷರವೂ ಬದಲಾಗಬಾರದು. ಈಗಿನ ಹೆಸರು ಬೇರೆ ಇದ್ದರೆ ಒಂದು ಸಣ್ಣ ಪತ್ರ ಬರೆದು, ಎರಡೂ ಹೆಸರು ಒಬ್ಬರದ್ದೇ ಅಂತ ತೋರಿಸುವ ಪಾಸ್‌ಪೋರ್ಟ್ ಪ್ರತಿ ಜೊತೆಗಿಡಿ. ವಿಳಾಸದಲ್ಲಿ ಮನೆ ಹೆಸರು, ಅಂಚೆ, ಜಿಲ್ಲೆ, ಪಿನ್‌ಕೋಡ್ ಇದ್ದರೆ ಸಾಕು. ಬೆಂಗಳೂರಿನ ಬಾಡಿಗೆ ಮನೆಯ ವಿಳಾಸಕ್ಕಿಂತ ಊರಿನ ಮನೆಯದ್ದೇ ಒಳ್ಳೆಯದು. ನಮ್ಮ ಪೋಸ್ಟ್‌ಮ್ಯಾನ್‌ಗೆ ಮನೆ ಹೆಸರು ಹೇಳಿದರೆ ಸಾಕಲ್ವಾ. ಆದರೆ ಮನೆಯಲ್ಲಿರುವ ಅಪ್ಪ ಅಮ್ಮನಿಗೆ ಹೇಳಿಡಿ: ಅಮೆರಿಕದಿಂದ ಏನು ಬಂದರೂ ಫೋಟೋ ತೆಗೆದು ವಾಟ್ಸ್ಆ್ಯಪ್ ಮಾಡಿ ಅಂತ.

ಷೇರು ಇದ್ದವರು ತೀರಿಕೊಂಡಿದ್ದರೂ ಹಕ್ಕು ಉಳಿದಿರುತ್ತದೆ. ವಾರಸುದಾರರು ಸಹಿ ಹಾಕಬಹುದು, ಆದರೆ ಅಧಿಕಾರ ಇದೆ ಅನ್ನುವ ದಾಖಲೆ ಬೇಕು. ಮರಣಪತ್ರ, ತಹಶೀಲ್ದಾರರ ವಾರಸುದಾರ ಪ್ರಮಾಣಪತ್ರ, ಕೆಲವೊಮ್ಮೆ ಕೋರ್ಟಿನ ಸಕ್ಸೆಷನ್ ಸರ್ಟಿಫಿಕೇಟ್. ತಾಲೂಕು ಆಫೀಸಿನಿಂದ ಬರುವ ಪತ್ರ ಮಲಯಾಳದಲ್ಲಿದ್ದರೆ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿ. ಇದಕ್ಕೆಲ್ಲ ತಿಂಗಳುಗಟ್ಟಲೆ ಹೋಗುತ್ತದೆ. ಗಡುವು ಹತ್ತಿರ ಬಂದಿದ್ದರೆ ಕ್ಲೈಮ್ ಮೊದಲು ಹಾಕಿ, ದಾಖಲೆ ಹಿಂದಿನಿಂದ ಬರುತ್ತದೆ ಅಂತ ಬರೆಯಿರಿ.

ಆರನೆಯ ಹೆಜ್ಜೆ: ಫಾರ್ಮ್ ತುಂಬಿಸುವುದು

ಆನ್‌ಲೈನ್‌ನಲ್ಲೇ ಹಾಕಿ. ಅರ್ಧ ಗಂಟೆಯ ಕೆಲಸ. ಜಂಟಿ ಖಾತೆಯಾದರೆ ಇಬ್ಬರೂ ಸಹಿ ಹಾಕಬೇಕು. ಸಾಮಾನ್ಯವಾಗಿ ನೋಟರಿ ಬೇಡ. ಆದರೆ ಸುಳ್ಳು ಹೇಳಿದರೆ ಅಮೆರಿಕದ ಕಾನೂನಿನ ಪ್ರಕಾರ ಶಿಕ್ಷೆ ಅನ್ನುವ ಮಾತಿನ ಕೆಳಗೆ ಸಹಿ ಹಾಕುತ್ತೀರಿ. ತಾರೀಖು ಬರೆಯುವಾಗ ಅವರ ಪದ್ಧತಿಯಂತೆ ತಿಂಗಳು ಮೊದಲು, ದಿನ ಆಮೇಲೆ. 5ನೇ ಏಪ್ರಿಲನ್ನು ನಮ್ಮ ರೀತಿಯಲ್ಲಿ ಬರೆದರೆ ಅದು ಮೇ 4 ಆಗುತ್ತದೆ. ಆ ದಿನ ಕ್ಲಾಸ್ ಪೀರಿಯಡ್‌ನಿಂದ ಹೊರಗಿದ್ದರೆ ಆ ಷೇರು ಲೆಕ್ಕಕ್ಕೇ ಬರುವುದಿಲ್ಲ. ತೆರಿಗೆ ನಂಬರ್ ಕೇಳಿದಲ್ಲಿ, ಅಮೆರಿಕದವರಲ್ಲದವರಿಗೆ ಡಬ್ಲ್ಯು-8ಬಿಇಎನ್ ಅನ್ನುವ ಫಾರ್ಮ್ ಇದೆ. ಕಳಿಸಿದ ಮೇಲೆ ಬರುವ ಕ್ಲೈಮ್ ನಂಬರ್ ಬರೆದಿಡಿ. ಬರದಿದ್ದರೆ ಅರ್ಜಿ ಸೇರಿಲ್ಲ ಅಂತಲೇ ತಿಳಿದು ವಿಚಾರಿಸಿ.

ಎಷ್ಟು ಸಿಗುತ್ತದೆ?

ನಿಮಗೆ ಆದ ಪೂರ್ತಿ ನಷ್ಟ ಸಿಗುವುದಿಲ್ಲ. ಯಾಕೆ ಅಂತ ಅಡಿಕೆಯ ಲೆಕ್ಕದಲ್ಲಿ ಹೇಳುತ್ತೇನೆ.

ಒಬ್ಬರು ಸರಿಯಾಗಿ ಒಣಗದ ಅಡಿಕೆಯನ್ನು ಒಣಗಿದ್ದು ಅಂತ ಹೇಳಿ ನಿಮಗೆ 100 ಕಿಲೋ ಮಾರಿದರು. ಅದರಲ್ಲಿ 8 ಕಿಲೋ ನೀರು. ನಿಮಗೆ ಮೋಸವಾದದ್ದು ಆ 8 ಕಿಲೋದ ಬೆಲೆ. ಆಮೇಲೆ ಮಾರುಕಟ್ಟೆಯೇ ಬಿದ್ದು ಅಡಿಕೆ ಧಾರಣೆ ಇಳಿದರೆ ಅದಕ್ಕೆ ಅವರು ಹೊಣೆಯಲ್ಲ. ಇನ್ನೊಂದು, ನೀರಿದೆ ಅಂತ ಗೊತ್ತಾಗುವ ಮೊದಲೇ ನೀವು ಅದನ್ನು ಅದೇ ತೂಕಕ್ಕೆ ಬೇರೆಯವರಿಗೆ ಮಾರಿದ್ದರೆ ನಿಮಗೆ ನಷ್ಟವೇ ಇಲ್ಲ. ನೀರಿನ ದುಡ್ಡು ಅವರು ಕೊಟ್ಟರು. ಷೇರಿಗೂ ಇದೇ ಲೆಕ್ಕ. ಸತ್ಯ ಹೊರಬೀಳುವ ದಿನದವರೆಗೆ ಕೈಯಲ್ಲಿ ಇಟ್ಟುಕೊಂಡವರಿಗೆ ಮಾತ್ರ ಪಾಲು.

ಯಾವ ದಿನ ಬೆಲೆಯಲ್ಲಿ ಎಷ್ಟು 'ನೀರು' ಇತ್ತು ಅಂತ ನೋಟಿಸಿನಲ್ಲಿ ಕೋಷ್ಟಕ ಇರುತ್ತದೆ. ಒಂದು ಲೆಕ್ಕ ಮಾಡೋಣ. ನೀವು 50 ಡಾಲರ್‌ಗೆ 100 ಷೇರು ಕೊಂಡಿರಿ. ಆ ದಿನ ಷೇರಿಗೆ 7 ಡಾಲರ್ ಉಬ್ಬು ಅಂತ ಕೋಷ್ಟಕದಲ್ಲಿದೆ. ಸತ್ಯ ಬಂದ ಮೇಲೂ ನೀವು ಮಾರಲಿಲ್ಲ. ಹಾಗಾದರೆ 700 ಡಾಲರ್ ಆಗಬೇಕು. ಆದರೆ 1995ರ ಕಾಯ್ದೆ ಒಂದು ಮಿತಿ ಹಾಕಿದೆ. ಸತ್ಯ ಬಂದ ಮೇಲಿನ 90 ದಿನಗಳ ಸರಾಸರಿ ಬೆಲೆ 46 ಡಾಲರ್ ಆಗಿದ್ದರೆ, ಷೇರಿಗೆ 50ರಿಂದ 46 ಕಳೆದು 4 ಡಾಲರ್ ಮಾತ್ರ ನಷ್ಟ. ಅಂದರೆ 400. ಇನ್ನು ಫೀಸು ಕಳೆದು ಹಂಚಲು ಉಳಿದದ್ದು 3 ಕೋಟಿ ಡಾಲರ್, ಎಲ್ಲರ ಒಪ್ಪಿತ ನಷ್ಟ ಸೇರಿ 20 ಕೋಟಿ ಡಾಲರ್ ಅಂತಿಟ್ಟುಕೊಳ್ಳಿ. ಡಾಲರ್‌ಗೆ 15 ಸೆಂಟ್ ಬಂತು. ನಿಮ್ಮ 400ಕ್ಕೆ 60 ಡಾಲರ್.

60 ಡಾಲರ್ ಅಂದರೆ 5,000 ರೂಪಾಯಿ ಚಿಲ್ಲರೆ. ಒಂದು ಸಂಜೆಯ ಕೆಲಸಕ್ಕೆ ಅದು ಸಣ್ಣದಲ್ಲ. ಕಂಪನಿಯ ಕೆಲಸದಲ್ಲಿದ್ದು 2,000 ಷೇರು ಕೊಂಡವರಿಗೆ ಇದೇ ಲೆಕ್ಕದಲ್ಲಿ 1,200 ಡಾಲರ್. ನಿಮ್ಮ ಪಾಲು 10 ಡಾಲರ್‌ಗಿಂತ ಕಡಿಮೆಯಾದರೆ ಹೆಚ್ಚಿನ ರಾಜಿಗಳಲ್ಲಿ ಕೊಡುವುದೇ ಇಲ್ಲ. ಹಾಗಾಗಿ ಐದಾರು ಷೇರು ಇದ್ದವರು ಮೊದಲು ಕೋಷ್ಟಕ ನೋಡಿ ಲೆಕ್ಕ ಹಾಕಿಕೊಳ್ಳಿ.

ಕಳಿಸಿದ ಮೇಲೆ

ಕ್ಲೈಮಿನಲ್ಲಿ ಕೊರತೆ ಇದ್ದರೆ ಅಡ್ಮಿನಿಸ್ಟ್ರೇಟರ್ ಪತ್ರ ಕಳಿಸುತ್ತಾರೆ. ಉತ್ತರಕ್ಕೆ ಸಾಮಾನ್ಯವಾಗಿ 20 ದಿನ. ಅಂಚೆಯಲ್ಲಿ ಬಂದರೆ ಅದರಲ್ಲಿ ಅರ್ಧ ದಾರಿಯಲ್ಲೇ ಮುಗಿದಿರುತ್ತದೆ. ಅದಕ್ಕೇ ಇಮೇಲ್ ವಿಳಾಸ ಕೊಡಿ, ವಾರಕ್ಕೊಮ್ಮೆ ನೋಡಿ.

ಈ ನಡುವೆ ಯಾರಾದರೂ ಫೋನ್ ಮಾಡಿ, ನಿಮ್ಮ ಹಣ ಬಿಡುಗಡೆಗೆ ತೆರಿಗೆ ಕಟ್ಟಿ, ಪ್ರೊಸೆಸಿಂಗ್ ಫೀ ಕಟ್ಟಿ ಅಂದರೆ ಕೂಡಲೇ ಫೋನ್ ಇಡಿ. ಕ್ಲೈಮ್ ಹಾಕುವುದಕ್ಕೂ ಹಣ ಪಡೆಯುವುದಕ್ಕೂ ಯಾವ ಫೀಸೂ ಇಲ್ಲ. ಓಟಿಪಿಯನ್ನು ಯಾವ ಅಡ್ಮಿನಿಸ್ಟ್ರೇಟರೂ ಕೇಳುವುದಿಲ್ಲ. ಹಣ ಕೊಟ್ಟುಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಗಡುವು ದಾಟಿದ್ದರೆ ಕೈಬಿಡಬೇಡಿ. ಹಂಚಿಕೆಗೆ ಅಡ್ಡಿಯಾಗದಿದ್ದರೆ ತಡವಾದ ಕ್ಲೈಮ್‌ಗಳನ್ನೂ ಸ್ವೀಕರಿಸಲು ಅವಕಾಶ ಇಟ್ಟಿರುತ್ತಾರೆ. ಮಾವನ ಮಗನದ್ದನ್ನು ನಾವು ಕಾರ್ಡ್ ಸಿಕ್ಕಿದ ಮರುದಿನವೇ ಆನ್‌ಲೈನ್‌ನಲ್ಲಿ ಹಾಕಿದೆವು. ತಡ ಯಾಕಾಯಿತು ಅಂತ ನಾಲ್ಕು ಸಾಲು ಬರೆದೆವು, ಸ್ಟೇಟ್‌ಮೆಂಟ್ ಬಂದ ಮೇಲೆ ಸೇರಿಸಿದೆವು. ಒಪ್ಪಿಕೊಂಡರು. ಆದರೆ ಹಣ ಬರಲು ಒಂದೂವರೆ ವರ್ಷ ಹಿಡಿಯಿತು. ಮಾವ ವಾರಕ್ಕೊಮ್ಮೆ ಬೇಲಿಯ ಆಚೆಯಿಂದ "ಎಂಥಾಯ್ತು?" ಅಂತ ಕೇಳುತ್ತಿದ್ದರು.

ಹಣ ಕೈಗೆ ಬರುವಾಗ

ಸಾಧ್ಯವಾದರೆ ಬ್ಯಾಂಕ್ ಖಾತೆಗೇ ಹಾಕಲು ಕೇಳಿ. ಡಾಲರ್ ಚೆಕ್ ಬಂದರೆ ತೊಂದರೆ. ಈಗ ನಮ್ಮ ಎಷ್ಟೋ ಬ್ಯಾಂಕುಗಳು ವಿದೇಶಿ ಚೆಕ್ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೂ ಶುಲ್ಕ ಜಾಸ್ತಿ. ಚೆಕ್ಕಿನ ಆಯುಷ್ಯ ಸಾಮಾನ್ಯವಾಗಿ 90 ದಿನ. ಬ್ಯಾಂಕಿನವರು ಆಗುವುದಿಲ್ಲ ಅಂದರೆ ಚೆಕ್ಕನ್ನು ಡ್ರಾಯರಿನಲ್ಲಿ ಇಟ್ಟು ಮರೆಯಬೇಡಿ. ಆ ದಿನವೇ ಅಡ್ಮಿನಿಸ್ಟ್ರೇಟರ್‌ಗೆ ಬರೆದು ವೈರ್ ಮೂಲಕ, ಅಂದರೆ ನೇರ ಬ್ಯಾಂಕ್ ಖಾತೆಗೆ ಕಳಿಸಲು ಕೇಳಿ. ಹಣ ಬಂದಾಗ ಇದು ಎಂಥದ್ದು ಅಂತ ಬ್ಯಾಂಕಿನವರು ಕೇಳುತ್ತಾರೆ, ಹಂಚಿಕೆಯ ಪತ್ರ ತೋರಿಸಿ.

ಈ ಮೊತ್ತಕ್ಕೆ ತೆರಿಗೆ ಹೇಗೆ ಅನ್ನುವುದು ನೀವು ಷೇರನ್ನು ಮಾರಿದ್ದೀರಾ, ಇನ್ನೂ ಇಟ್ಟಿದ್ದೀರಾ ಅನ್ನುವುದರ ಮೇಲೂ ನಿಂತಿದೆ. ನಿಮ್ಮ ಸಿಎ ಹತ್ತಿರ ಕಾಗದ ಇಟ್ಟು ಕೇಳಿ. ತೆರಿಗೆ ಲೆಕ್ಕದಲ್ಲಿ ಭಾರತದ ಸಾಮಾನ್ಯ ನಿವಾಸಿ (ಆರ್ಡಿನರಿಲಿ ರೆಸಿಡೆಂಟ್) ಆಗಿದ್ದು ವಿದೇಶಿ ಷೇರು ಇಟ್ಟಿದ್ದರೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ವಿವರ ಕೊಡುವ ಷೆಡ್ಯೂಲ್ ಎಫ್‌ಎ ತುಂಬಿಸಲೇಬೇಕು. ಅದರ ಲೆಕ್ಕ ಏಪ್ರಿಲ್‌ನಿಂದ ಅಲ್ಲ, ಜನವರಿಯಿಂದ ಡಿಸೆಂಬರ್.

ಒಂದು ಸಲ ಹಣ ಬಂತು ಅಂತ ಫೈಲ್ ಎತ್ತಿಡಬೇಡಿ. ಕೆಲವರು ಚೆಕ್ ನಗದು ಮಾಡದೆ ಬಿಟ್ಟ ಹಣ ಉಳಿದರೆ, ಸಾಕಷ್ಟು ಇದ್ದಾಗ ಅದನ್ನು ಎರಡನೇ ಸಲ ಹಂಚುತ್ತಾರೆ. ಆಗ ಹೋಗುವುದು ಮೊದಲ ಪಾಲನ್ನು ನಗದು ಮಾಡಿಕೊಂಡವರಿಗೆ. ಮನೆ ಅಥವಾ ಬ್ಯಾಂಕ್ ಬದಲಿಸಿದರೆ ಕ್ಲೈಮ್ ನಂಬರ್ ಹಾಕಿ ತಿಳಿಸಿ. ಮಾವನ ಮಗ ಕಳೆದ ತಿಂಗಳು ಬೆಂಗಳೂರಿನಲ್ಲಿ ಹೊಸ ಮನೆಗೆ ಹೋದ. ಅಡ್ಮಿನಿಸ್ಟ್ರೇಟರ್ ಹತ್ತಿರ ಮಾತ್ರ ನೀರ್ಚಾಲಿನ ವಿಳಾಸವೇ ಇರಲಿ ಅಂದರು ಮಾವ. ಅವರೀಗ ಬಾಗಿಲ ಪಕ್ಕದ ಮೊಳೆಗೆ ಒಂದು ಪ್ಲಾಸ್ಟಿಕ್ ಚೀಲ ತೂಗುಹಾಕಿದ್ದಾರೆ. ಹೊರದೇಶದ ಮುದ್ರೆ ಇರುವ ಕಾಗದವೆಲ್ಲ ಅದರೊಳಗೆ.